ಹೊಲದಲ್ಲಿ ಭಾಗ ಕೇಳದಿದ್ದ ಕಾಲ

2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೆಚ್ಚಿನವರು ರೈತರ ಮಕ್ಕಳು. ತುಂಬ ಜನ ನಕ್ಕರು. ನನಗೆ ನಗು ಬರಲಿಲ್ಲ.

ಲೆಕ್ಕ ನೋಡಿ. ದೇಶದ ಆದಾಯದಲ್ಲಿ ಕೃಷಿಯ ಪಾಲು ಈಗ ನೂರಕ್ಕೆ ಸುಮಾರು 18. ದುಡಿಯುವ ನೂರು ಜನರಲ್ಲಿ ಸುಮಾರು 46 ಮಂದಿ ಇನ್ನೂ ಹೊಲದಲ್ಲೇ ಇದ್ದಾರೆ. ಅಂದರೆ 18 ರೂಪಾಯಿಯನ್ನು 46 ಜನ ಹಂಚಿಕೊಳ್ಳಬೇಕು, ಉಳಿದ 82 ರೂಪಾಯಿ ಉಳಿದ 54 ಜನಕ್ಕೆ. ಬೆಂಬಲ ಬೆಲೆ, ಸಾಲಮನ್ನಾ, ಹೆಣ್ಣು ಸಿಗದ ಸಂಕಟ, ಯಾವ ಎಳೆ ಹಿಡಿದು ಎಳೆದರೂ ಕೊನೆಗೆ ಇಲ್ಲಿಗೇ ಬರುತ್ತದೆ.

ಸ್ವಾತಂತ್ರ್ಯ ಬಂದಾಗ ಆದಾಯದ ಅರ್ಧದಷ್ಟು ಕೃಷಿಯದೇ, ದುಡಿಯುವವರಲ್ಲಿ ನೂರಕ್ಕೆ 70 ಜನ ಅಲ್ಲೇ. ಜಪಾನ್, ಕೊರಿಯಾದಲ್ಲಿ ಆದದ್ದು ಹೀಗೆ: ಹೊಲದಲ್ಲಿ ಇಳುವರಿ ಹೆಚ್ಚಿತು, ಹೆಚ್ಚಾದ ಕೈಗಳನ್ನು ಕಾರ್ಖಾನೆ ಎಳೆದುಕೊಂಡಿತು. ನಮ್ಮಲ್ಲಿ 1956ರ ಎರಡನೇ ಪಂಚವಾರ್ಷಿಕ ಯೋಜನೆ ಉಕ್ಕು, ಭಾರಿ ಯಂತ್ರಗಳ ಮೇಲೆ ಹಣ ಸುರಿಯಿತು, ಊಟಕ್ಕೆ ಅಮೆರಿಕದಿಂದ ಗೋಧಿ ಹಡಗಲ್ಲಿ ಬಂತು. 1965–66ರ ಬರ ಕಣ್ಣು ತೆರೆಸಿತು. ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದರು, ಕೆಲವೇ ವರ್ಷದಲ್ಲಿ ಪಂಜಾಬಿನ ಕಣಜ ತುಂಬಿತು. ನಮ್ಮ ಕಡೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಹೆಚ್ಚು ಇಳುವರಿಯ ಇಂಡಾಫ್ ತಳಿ ಕೊಟ್ಟರು. 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡುತ್ತಿದ್ದವರು ಏಳನೇ ನಂಬರ್ ಫಾರಂ ಹಾಕಿ ಭೂಮಿಯ ಒಡೆಯರಾದರು. ಹೊಟ್ಟೆಗೂ ಆಯ್ತು, ಭೂಮಿಯೂ ಸಿಕ್ಕಿತು. ಹೆಚ್ಚಾದ ಕೈಗಳು ಹೋಗಬೇಕಾದದ್ದು ಎಲ್ಲಿಗೆ?

ಹಳೇ ಮೈಸೂರಿಗೆ ಒಂದಷ್ಟು ಕಾಲ ಇದಕ್ಕೆ ಉತ್ತರ ಇತ್ತು. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣ, 1933ರಲ್ಲಿ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ. ಆಮೇಲೆ ಬೆಂಗಳೂರಲ್ಲಿ ಸಾಲಾಗಿ ವಿಮಾನದ ಎಚ್‌ಎಎಲ್, ಟೆಲಿಫೋನಿನ ಐಟಿಐ, ಯಂತ್ರ-ವಾಚಿನ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಎಲ್ಲ ಸರ್ಕಾರಿ ಕಾರ್ಖಾನೆಗಳು.

ನಮ್ಮ ದೊಡ್ಡಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ, ಫಿಟ್ಟರ್ ಟ್ರೇಡ್ ಕಲಿತು 1968ರಲ್ಲಿ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆ ಸೇರಿದರು. ಇಂಗ್ಲಿಷ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಖಾಯಂ ಕೆಲಸ, ಕ್ವಾರ್ಟರ್ಸ್, ಕ್ಯಾಂಟೀನಲ್ಲಿ ಅಗ್ಗದ ಊಟ, ಪಿಎಫ್. ಪ್ರತಿ ತಿಂಗಳು ಊರಿಗೆ ಮನಿಯಾರ್ಡರ್. ಆ ದುಡ್ಡಲ್ಲಿ ಬಾವಿ ತೆಗೆಸಿದರು, ಇಬ್ಬರು ಅತ್ತೆಯರ ಮದುವೆ ಆಯ್ತು, ನಮ್ಮಪ್ಪ ಡಿಗ್ರಿ ಮಾಡಿದರು. ಎಲ್ಲಕ್ಕಿಂತ ದೊಡ್ಡ ವಿಷಯ, ತಾತ ತೀರಿಕೊಂಡಾಗ ದೊಡ್ಡಪ್ಪ ಹೊಲದಲ್ಲಿ ಭಾಗ ಕೇಳಲಿಲ್ಲ. "ನನಗೆ ಸಂಬಳ ಇದೆ, ನೀವು ಇಟ್ಕೊಳ್ಳಿ" ಅಂದರು. ಒಬ್ಬ ಫಿಟ್ಟರ್ ಸಂಬಳದಿಂದ ಇಬ್ಬರು ತಮ್ಮಂದಿರ ಹೊಲ ದೊಡ್ಡದಾಗಿ ಉಳಿಯಿತು.

ಇಂಥ ಕೆಲಸಗಳು ಬೇಕಾದಷ್ಟು ಬೆಳೆಯಲಿಲ್ಲ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, 1991ರ ನಂತರ ಸಾಫ್ಟ್‌ವೇರ್ ಕೈ ಹಿಡಿಯಿತು. ಸೇವಾ ವಲಯ ಇವತ್ತು ಆದಾಯದ ಅರ್ಧಕ್ಕಿಂತ ಜಾಸ್ತಿ. ಅದರಿಂದ ಬೆಂಗಳೂರು ಬೆಳೆಯಿತು, ನಿಜ. ಆದರೆ ಎಸ್ಸೆಸ್ಸೆಲ್ಸಿ ಓದಿದ ರೈತನ ಮಗ ಲೇತ್ ಮುಂದೆ ನಿಲ್ಲಬಹುದಿತ್ತು, ಕಂಪ್ಯೂಟರ್ ಮುಂದೆ ಕೂರೋಕೆ ಇಂಜಿನಿಯರಿಂಗ್ ಬೇಕು, ಇಂಗ್ಲಿಷ್ ಬೇಕು. ಅವನಿಗೆ ಸಿಕ್ಕಿದ್ದು ಗಾರೆ ಕೆಲಸ, ಸೆಕ್ಯುರಿಟಿ, ಡ್ರೈವಿಂಗ್, ಈಗ ಡೆಲಿವರಿ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೂ ಮುಚ್ಚುವ ತೀರ್ಮಾನವಾಯಿತು.

ಅತ್ತ ಹೊಲ ತುಂಡಾಗುತ್ತಾ ಹೋಯಿತು. ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ 1970–71ರಲ್ಲಿ 2.28 ಹೆಕ್ಟೇರ್ ಇತ್ತು, 2015–16ಕ್ಕೆ 1.08. 2020ರ ಲಾಕ್‌ಡೌನ್‌ನಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ನಡೆದರು. 2018–19ರಲ್ಲಿ ನೂರಕ್ಕೆ 42ರ ಆಸುಪಾಸಿಗೆ ಇಳಿದಿದ್ದ ಕೃಷಿ ಕೆಲಸಗಾರರ ಪಾಲು ಮತ್ತೆ 46 ದಾಟಿತು. ಬೆಳೆಯುವ ದೇಶದಲ್ಲಿ ಈ ಲೆಕ್ಕ ಹಿಂದಕ್ಕೆ ಹೋಗಬಾರದು, ಅಲ್ವಾ?

ಚಿಕ್ಕಪ್ಪನ ಮಗನೂ ಐಟಿಐ ಕೋರ್ಸ್ ಓದಿದ್ದಾನೆ, ದೊಡ್ಡಪ್ಪನ ಅದೇ ಫಿಟ್ಟರ್ ಟ್ರೇಡ್. ವಾಹನದ ಬಿಡಿಭಾಗ ಮಾಡುವ ಒಂದು ಕಡೆ ಕಾಂಟ್ರಾಕ್ಟ್ ಮೇಲೆ ಇದ್ದಾನೆ. ಭಾನುವಾರ ಬೈಕಲ್ಲಿ ಊರಿಗೆ ಬಂದು ರಾಗಿ ಹೊಲ ನೋಡಿಕೊಂಡು ರಾತ್ರಿ ವಾಪಸ್ ಹೋಗುತ್ತಾನೆ. ಹೋದ ವರ್ಷ ಅಣ್ಣತಮ್ಮಂದಿರು ಕೂತಾಗ ಅವನು ಭಾಗ ಕೇಳಿದ. ಬಂದದ್ದು ಒಂದು ಎಕರೆ ಹತ್ತು ಗುಂಟೆ. "ಅಷ್ಟರಲ್ಲಿ ಏನು ಬೆಳೀತೀಯೋ, ಸುಮ್ನೆ ಅಣ್ಣನಿಗೇ ಬಿಡಬಾರದಿತ್ತಾ" ಅಂದೆ.

"ಆಗಸ್ಟ್‌ಗೆ ಕಾಂಟ್ರಾಕ್ಟ್ ಮುಗಿಯುತ್ತೆ ಅಣ್ಣ" ಅಂದ.