ಹಾಟ್ ರೀಲೋಡ್: ಸೇವ್ ಮಾಡಿದರೂ ಪುಟ ಕದಲದಿದ್ದಾಗ

ಕೋಡ್ ತಿದ್ದಿ ಸೇವ್ ಮಾಡಿದ ಕೂಡಲೇ, ರಿಫ್ರೆಶ್ ಒತ್ತುವ ಮೊದಲೇ ಬ್ರೌಸರಿನಲ್ಲಿ ಬದಲಾವಣೆ ಕಾಣಿಸುವ ಏರ್ಪಾಡನ್ನು ವೆಬ್ ಡೆವಲಪರ್‌ಗಳು ‘ಹಾಟ್ ರೀಲೋಡ್’ ಎಂದು ಕರೆಯುತ್ತಾರೆ. ಈ ಹೆಸರಿನಡಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಇಡೀ ಪುಟವೇ ಮತ್ತೆ ಲೋಡ್ ಆದರೆ ಅದು ಲೈವ್ ರೀಲೋಡ್. ಬದಲಾದ ಮಾಡ್ಯೂಲನ್ನು (ಕೋಡಿನ ಒಂದು ತುಣುಕು, ಸಾಮಾನ್ಯವಾಗಿ ಒಂದು ಫೈಲ್) ಮಾತ್ರ ತೆಗೆದು, ಅದರ ಜಾಗದಲ್ಲಿ ಹೊಸದನ್ನು ಕೂರಿಸಿ, ಉಳಿದದ್ದನ್ನು ಮುಟ್ಟದೆ ಬಿಟ್ಟರೆ ಅದು ಹಾಟ್ ಮಾಡ್ಯೂಲ್ ರೀಪ್ಲೇಸ್‌ಮೆಂಟ್, ಅಂದರೆ ಎಚ್‌ಎಂಆರ್. ಉದ್ದನೆಯ ಅರ್ಜಿಯೊಂದರ ಕೊನೆಯ ಹಂತದಲ್ಲಿ ಗುಂಡಿಯ ಬಣ್ಣ ಬದಲಿಸುತ್ತಿದ್ದೀರಿ ಎನ್ನಿ. ಲೈವ್ ರೀಲೋಡ್‌ನಲ್ಲಿ ಅಲ್ಲಿಯವರೆಗೆ ತುಂಬಿದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಎಚ್‌ಎಂಆರ್‌ನಲ್ಲಿ ಬಣ್ಣ ಮಾತ್ರ ಬದಲಾಗುತ್ತದೆ. ಕೋಡ್ ಫೈಲುಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ ಎಂಬ ಸಾಧನ ಇದನ್ನು ಬಳಕೆಗೆ ತಂದಿತು. 2019ರಲ್ಲಿ, ಮೊಬೈಲ್ ಆ್ಯಪ್ ಕಟ್ಟಲು ಬಳಸುವ ರಿಯಾಕ್ಟ್ ನೇಟಿವ್ ‘ಫಾಸ್ಟ್ ರಿಫ್ರೆಶ್’ ಎಂಬ ಹೊಸ ರೂಪ ಕೊಟ್ಟಿತು. 2020ರಲ್ಲಿ ಬಂದ ವೀಟ್ ಎಂಬ ಸಾಧನ ಇದನ್ನು ಇನ್ನಷ್ಟು ಚುರುಕುಗೊಳಿಸಿತು.

ಒಳಗೆ ನಡೆಯುವುದು ಮೂರು ಹಂತದ ಕೆಲಸ. ಫೈಲ್ ಬದಲಾದದ್ದು ವಾಚರ್‌ನ ಕಣ್ಣಿಗೆ ಬೀಳಬೇಕು. ಆ ಬದಲಾವಣೆ ಯಾವ ಮಾಡ್ಯೂಲ್‌ಗಳನ್ನು ತಟ್ಟುತ್ತದೆ ಎಂದು ಡೆವ್ ಸರ್ವರ್ (ಕೆಲಸದ ವೇಳೆ ನಮ್ಮದೇ ಯಂತ್ರದಿಂದ ಪುಟವನ್ನು ಒದಗಿಸುವ ಪ್ರೋಗ್ರಾಮ್) ಲೆಕ್ಕ ಹಾಕಬೇಕು. ಆ ಸುದ್ದಿ ವೆಬ್‌ಸಾಕೆಟ್ ಎಂಬ ಸದಾ ತೆರೆದ ಸಂಪರ್ಕದ ಮೂಲಕ ಬ್ರೌಸರಿಗೆ ಮುಟ್ಟಬೇಕು. ಇದರಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ: ಪುಟ ಕದಲುವುದಿಲ್ಲ. ಆಗ ಬಹಳ ಮಂದಿ ಪ್ರಾಜೆಕ್ಟ್ ಬಳಸುವ ಹೊರಗಿನ ಕೋಡೆಲ್ಲ ಇರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ಕರೆಂಟ್ ಹೋದಾಗ ಗೋಡೆಗೆ ಸುಣ್ಣ ಬಳಿದಂತೆ ಅದು.

ಅದಕ್ಕೂ ಮೊದಲು ಡೆವ್ ಸರ್ವರ್ ಓಡುತ್ತಿರುವ ಟರ್ಮಿನಲ್ ನೋಡಬೇಕು. ವೀಟ್‌ನಲ್ಲಿ ಸೇವ್ ಮಾಡಿದೊಡನೆ ‘ಎಚ್‌ಎಂಆರ್ ಅಪ್‌ಡೇಟ್’ ಎಂಬ ಸಾಲು ಫೈಲಿನ ಹೆಸರಿನೊಂದಿಗೆ ಮೂಡುತ್ತದೆ. ಯಾವ ಸಾಲೂ ಬರದಿದ್ದರೆ ತೊಂದರೆ ವಾಚರ್‌ನಲ್ಲಿ. ಸಾಲು ಬಂದೂ ಪುಟ ಹಾಗೆಯೇ ಇದ್ದರೆ ವೆಬ್‌ಸಾಕೆಟ್ ಕಡೆ ನೋಡಬೇಕು. ‘ಪೇಜ್ ರೀಲೋಡ್’ ಎಂದು ಬಂದರೆ ಫೈಲ್ ಬದಲಾದ ಸುದ್ದಿ ಸರ್ವರಿಗೆ ತಲುಪಿದೆ, ಆದರೆ ಮಾಡ್ಯೂಲ್ ಮಟ್ಟದಲ್ಲಿ ಬದಲಿಸಲು ದಾರಿ ಸಿಕ್ಕಿಲ್ಲ.

ನನ್ನ ಮಟ್ಟಿಗೆ ಹೆಚ್ಚು ತಲೆ ತಿನ್ನುವುದು ವಾಚರ್. ಲಿನಕ್ಸ್‌ನಲ್ಲಿ ಫೈಲ್ ಬದಲಾವಣೆಯ ಸುದ್ದಿ ಕೊಡುವುದು ಅದರ ತಿರುಳಾದ ಕರ್ನಲ್‌ನ ಐನೋಟಿಫೈ ಎಂಬ ಸೌಲಭ್ಯ. ಎಷ್ಟು ಕಡೆ ಕಣ್ಣಿಡಬಹುದು ಎಂಬುದಕ್ಕೆ ಅದರಲ್ಲಿ ಮಿತಿಯಿದೆ. ಹಳೆಯ ಕರ್ನಲ್‌ಗಳಲ್ಲಿ ಅದು 8192, 5.11ನೇ ಆವೃತ್ತಿಯಿಂದ ಯಂತ್ರದ ಮೆಮೊರಿಗೆ ತಕ್ಕಂತೆ ನಿಗದಿಯಾಗುತ್ತದೆ. ಮಿತಿ ಮೀರಿದಾಗ ಬರುವ ದೋಷದ ಸಂಕೇತವೋ, ಡಿಸ್ಕ್ ತುಂಬಿದಾಗ ಬರುವಂಥದ್ದೇ! ಅದನ್ನು ನಂಬಿ ಫೈಲುಗಳನ್ನು ಅಳಿಸುತ್ತಾ ಕೂತರೆ ಏನೂ ಆಗದು; ಕರ್ನಲ್‌ನ ಆ ಮಿತಿಯನ್ನು ಏರಿಸಬೇಕು. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2ರಲ್ಲಿ ಪ್ರಾಜೆಕ್ಟ್ ಸಿ ಡ್ರೈವ್‌ನಲ್ಲಿದ್ದರೆ, ವಿಂಡೋಸ್ ಕಡೆಯಿಂದ ತಿದ್ದಿದ್ದು ಐನೋಟಿಫೈಗೆ ತಿಳಿಯುವುದೇ ಇಲ್ಲ. ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನಲ್ಲಿ ಹೊರಗಿನ ಫೋಲ್ಡರನ್ನು ಕಂಟೇನರ್‌ಗೆ ಜೋಡಿಸಿದಾಗಲೂ ಕೆಲವೊಮ್ಮೆ ಇದೇ ಪಾಡು. ಎಲ್ಲರೂ ಹೇಳುವ ಮದ್ದು ಪೋಲಿಂಗ್, ಅಂದರೆ ಫೈಲುಗಳನ್ನು ಆಗಾಗ ಹೋಗಿ ವಿಚಾರಿಸುವುದು. ಕೆಲಸವೇನೋ ಆಗುತ್ತದೆ, ಆದರೆ ಸಿಪಿಯು ಸುಮ್ಮನೆ ದುಡಿಯುತ್ತಲೇ ಇರುತ್ತದೆ. ಡಬ್ಲ್ಯುಎಸ್‌ಎಲ್‌ನಲ್ಲಾದರೆ ಪ್ರಾಜೆಕ್ಟನ್ನೇ ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಸಾಗಿಸುವುದು ಮೇಲು.

ವಿಮ್ ಎಡಿಟರ್ ಬಳಸುವವರಿಗೆ ಒಂದು ಮಾತು. ಕೆಲವು ಎಡಿಟರ್‌ಗಳು ಸೇವ್ ಮಾಡುವಾಗ ಹಳೆಯ ಫೈಲನ್ನು ಪಕ್ಕಕ್ಕೆ ಸರಿಸಿ ಅದೇ ಹೆಸರಲ್ಲಿ ಹೊಸದನ್ನು ಬರೆಯುತ್ತವೆ. ಹಳೆಯದರ ಮೇಲೆ ಕಣ್ಣಿಟ್ಟಿದ್ದ ವಾಚರ್‌ಗೆ ಹೊಸದರ ಸುಳಿವು ಸಿಗದೆ ಹೋಗಬಹುದು. ವಿಮ್‌ನ ‘ಬ್ಯಾಕಪ್‌ಕಾಪಿ’ ಆಯ್ಕೆಗೆ ‘ಯೆಸ್’ ಎಂದು ಕೊಟ್ಟರೆ ಇದು ತಪ್ಪುತ್ತದೆ.

ವೆಬ್‌ಸಾಕೆಟ್ ಪರೀಕ್ಷಿಸುವುದು ಸುಲಭ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸಾಕೆಟ್‌ಗಳನ್ನಷ್ಟೇ ಆರಿಸಿಕೊಂಡು ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಸಂಪರ್ಕದ ಎದುರು 101 ಎಂಬ ಸಂಖ್ಯೆ ಇದ್ದರೆ ಮಾರ್ಗ ತೆರೆದಿದೆ. ಇಲ್ಲದಿದ್ದರೆ ನಡುವೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ (ಮನವಿಗಳನ್ನು ಮಧ್ಯೆ ನಿಂತು ದಾಟಿಸುವ ಸರ್ವರ್) ಇದೆಯೇ ನೋಡಿ. ಅಪ್‌ಗ್ರೇಡ್ ಮತ್ತು ಕನೆಕ್ಷನ್ ಎಂಬ ಎರಡು ಹೆಡರ್‌ಗಳನ್ನು (ಮನವಿಯ ಜೊತೆ ಹೋಗುವ ಸೂಚನೆಗಳು) ಅದರ ಸೆಟ್ಟಿಂಗ್‌ನಲ್ಲಿ ಸ್ಪಷ್ಟವಾಗಿ ಬರೆದುಕೊಡದ ಹೊರತು ಅದು ಅವನ್ನು ಮುಂದಕ್ಕೆ ದಾಟಿಸುವುದಿಲ್ಲ.

‘ಪೇಜ್ ರೀಲೋಡ್’ ಎಂದೇ ಬರುತ್ತಿದ್ದರೆ ಕಾರಣ ಸಾಮಾನ್ಯವಾಗಿ ನಮ್ಮ ಕೋಡಿನಲ್ಲೇ ಇರುತ್ತದೆ. ಮಾಡ್ಯೂಲ್‌ಗಳು ಒಂದನ್ನೊಂದು ಸುತ್ತುಬಳಸಿ ಇಂಪೋರ್ಟ್ ಮಾಡಿಕೊಂಡಿರಬಹುದು. ರಿಯಾಕ್ಟ್ ಲೈಬ್ರರಿ ಬಳಸುತ್ತಿದ್ದರೆ, ಒಂದೇ ಫೈಲಿನಿಂದ ಕಾಂಪೊನೆಂಟ್ (ಪುಟದ ಒಂದು ಭಾಗ) ಜೊತೆಗೆ ಬೇರೇನನ್ನೋ ಎಕ್ಸ್‌ಪೋರ್ಟ್ ಮಾಡಿರಬಹುದು. ಹೆಸರಿಲ್ಲದ ಆ್ಯರೋ ಫಂಕ್ಷನ್ನನ್ನು ಡಿಫಾಲ್ಟ್ ಎಕ್ಸ್‌ಪೋರ್ಟ್ ಮಾಡಿದ್ದರೆ ಬದಲಾವಣೆ ಕಂಡರೂ ಅದರ ಸ್ಟೇಟ್, ಅಂದರೆ ಅದು ನೆನಪಿಟ್ಟುಕೊಂಡ ಮಾಹಿತಿ, ಅಳಿಸಿಹೋಗುತ್ತದೆ. ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದು ಇಂಪೋರ್ಟ್ ಸಾಲಿನಲ್ಲಿ ಸಣ್ಣಕ್ಷರವಿದ್ದರೆ, ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಪುಟವೇನೋ ತೆರೆಯುತ್ತದೆ, ಎಚ್‌ಎಂಆರ್ ಮಾತ್ರ ನಡೆಯದು.

ಇಷ್ಟೆಲ್ಲ ಸರಿಯಿದ್ದೂ ಹಳೆಯ ಪುಟವೇ ಕಾಣುತ್ತಿದೆಯೇ? ಲೋಕಲ್‌ಹೋಸ್ಟ್‌ನ 3000ದಂಥ ಪೋರ್ಟನ್ನು ಹಲವು ಪ್ರಾಜೆಕ್ಟ್‌ಗಳು ಹಂಚಿಕೊಳ್ಳುತ್ತವೆ. ಹಿಂದಿನ ಯಾವುದೋ ಪ್ರಾಜೆಕ್ಟ್ ಬಿಟ್ಟುಹೋದ ಸರ್ವಿಸ್ ವರ್ಕರ್ (ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ತನ್ನ ಕ್ಯಾಶ್‌ನಿಂದ ಹಳೆಯ ಫೈಲುಗಳನ್ನು ಬಡಿಸುತ್ತಿರಬಹುದು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಅಪ್ಲಿಕೇಶನ್ ವಿಭಾಗಕ್ಕೆ ಹೋಗಿ ಅದನ್ನು ಅನ್‌ರಿಜಿಸ್ಟರ್ ಮಾಡಿ.