ಹೆಚ್ಚು ಕೊಡುವ ತಂಡವನ್ನು ಬಿಟ್ಟು ಐಸ್ ಹಾಕಿ ತಾರೆ ಬೇರೆಡೆ ಸಹಿ ಹಾಕುವುದೇಕೆ?

ಪ್ರಶ್ನೆ: ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಆಟಗಾರರು ಫ್ರೀ ಏಜೆಂಟ್ ಆದಾಗ, ಅಂದರೆ ಒಪ್ಪಂದ ಮುಗಿದು ಮುಕ್ತರಾದಾಗ, ಕೆಲವೊಮ್ಮೆ ಹೆಚ್ಚು ಹಣದ ಆಫರ್ ಬಿಟ್ಟು ಕಡಿಮೆ ಮೊತ್ತಕ್ಕೆ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಅವರು ಕೇಳುವುದಾದರೂ ಏನನ್ನು?

ಉತ್ತರ: ಪತ್ರಿಕೆಯ ತಲೆಬರಹಕ್ಕೆ ಬರುವ ಮೊತ್ತ ಬೇಡಿಕೆಯ ಒಂದು ಭಾಗ ಅಷ್ಟೇ. ಹಣ ಯಾವಾಗ, ಯಾವ ರೂಪದಲ್ಲಿ ಕೈಸೇರುತ್ತದೆ, ಆಟಗಾರನನ್ನು ಬೇರೆ ಊರಿಗೆ ಸಾಗಹಾಕುವ ಅಧಿಕಾರ ಯಾರದು ಎಂಬುದರ ಮೇಲೆಯೇ ಆಟಗಾರರ ಪರ ಚೌಕಾಸಿ ಮಾಡುವ ಏಜೆಂಟರ ಜಗ್ಗಾಟ ಹೆಚ್ಚು. ಇದನ್ನು ನೋಡಲು 2018ರ ಜಾನ್ ಟವಾರೆಸ್ ಒಪ್ಪಂದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಮಗೆ ಪರಿಚಯವಿರುವ ಐಪಿಎಲ್ ಹರಾಜಿನಲ್ಲಿ ಆಟಗಾರ ಮೂಲಬೆಲೆ ಹೇಳಿ ಸುಮ್ಮನೆ ಕೂರಬೇಕು. ಇಲ್ಲಿ ಹಾಗಲ್ಲ. 27 ವರ್ಷ ತುಂಬಿದ ಅಥವಾ ಲೀಗ್‌ನಲ್ಲಿ 7 ಸೀಸನ್ ಪೂರೈಸಿದ ಆಟಗಾರನ ಒಪ್ಪಂದ ಮುಗಿದರೆ ಜುಲೈ 1ರಿಂದ ಅವನು ಯಾವ ತಂಡದ ಜೊತೆಗಾದರೂ ಸಹಿ ಹಾಕಬಹುದು, ಹಳೆಯ ತಂಡಕ್ಕೆ ಬಿಡಿಗಾಸೂ ಸಿಗುವುದಿಲ್ಲ. ನ್ಯೂಯಾರ್ಕ್ ಐಲ್ಯಾಂಡರ್ಸ್ ನಾಯಕನಾಗಿದ್ದ ಟವಾರೆಸ್ ಆ ಜೂನ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಏಜೆಂಟರ ಕಚೇರಿಯಲ್ಲಿ ಕೂತು, ತಂಡಗಳನ್ನೇ ಕರೆಸಿಕೊಂಡು ಮಾತಾಡಿದರು: ಐಲ್ಯಾಂಡರ್ಸ್, ಟೊರಾಂಟೊ, ಬೋಸ್ಟನ್, ಟ್ಯಾಂಪಾ ಬೇ, ಡಲ್ಲಾಸ್, ಸ್ಯಾನ್ ಹೋಸೆ. ಸ್ಯಾನ್ ಹೋಸೆ ವರ್ಷಕ್ಕೆ 1.3 ಕೋಟಿ ಡಾಲರ್ ಕೊಡಲು ಸಿದ್ಧವಿತ್ತೆಂದು ಆಗ ವರದಿಯಾಗಿತ್ತು. ಐಲ್ಯಾಂಡರ್ಸ್‌ಗೆ ಸ್ವಂತ ಆಟಗಾರನೆಂಬ ಕಾರಣಕ್ಕೆ 8 ವರ್ಷದ ಒಪ್ಪಂದ ಕೊಡುವ ಅವಕಾಶವಿತ್ತು, ಉಳಿದವರಿಗೆ 7 ವರ್ಷವೇ ಮಿತಿ. ಅವರು ಸಹಿ ಹಾಕಿದ್ದು ಹುಟ್ಟೂರಿನ ಕಡೆಯ ಟೊರಾಂಟೊ ಮೇಪಲ್ ಲೀಫ್ಸ್‌ಗೆ, 7 ವರ್ಷಕ್ಕೆ 7.7 ಕೋಟಿ ಡಾಲರ್, ಅಂದರೆ ವರ್ಷಕ್ಕೆ 1.1 ಕೋಟಿ.

ಹುಟ್ಟೂರಿನ ಸೆಳೆತ ಇದ್ದದ್ದು ನಿಜ. ಆದರೆ ಒಪ್ಪಂದದ ಒಳಪುಟಗಳನ್ನು ನೋಡಿದರೆ, ಅದನ್ನು ಬರೆದವರು ಭಾವುಕರಲ್ಲ ಅನ್ನುವುದು ತಿಳಿಯುತ್ತದೆ.

ಆ ಸೀಸನ್‌ಗೆ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಗರಿಷ್ಠ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 7.95 ಕೋಟಿ ಡಾಲರ್. ಒಬ್ಬ ಆಟಗಾರ ಒಂದು ವರ್ಷಕ್ಕೆ ಅದರ ಶೇ 20ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಶೇ 20 ಎಂದರೆ 1.59 ಕೋಟಿ. ಟವಾರೆಸ್ ಮೊದಲ ವರ್ಷ ಪಡೆದದ್ದು ಸರಿಯಾಗಿ 1.59 ಕೋಟಿ, ಎರಡನೇ ವರ್ಷವೂ ಅಷ್ಟೇ. ಕೊನೆಯ ಮೂರು ವರ್ಷ ತಲಾ 79.5 ಲಕ್ಷ, ಅಂದರೆ ಮೊದಲಿನದರ ಸರಿ ಅರ್ಧ. ಅದಕ್ಕಿಂತ ಕೆಳಗೆ ಇಳಿಸಲು ಆಗಿನ ನಿಯಮ ಬಿಡುತ್ತಿರಲಿಲ್ಲ. ತಂಡದ ಕ್ಯಾಪ್ ಲೆಕ್ಕಕ್ಕೆ ಮಾತ್ರ ಪ್ರತಿ ವರ್ಷ ಸರಾಸರಿ 1.1 ಕೋಟಿಯೇ ಬರುತ್ತದೆ. ಆದ್ದರಿಂದ ಹಣವನ್ನು ಮುಂಚಿತವಾಗಿ ಕೊಟ್ಟರೆ ಕ್ಯಾಪ್‌ಗೆ ನಷ್ಟವಿಲ್ಲ, ಮಾಲೀಕರ ಬ್ಯಾಂಕ್ ಖಾತೆಗೆ ಮಾತ್ರ ಹೊರೆ. ಟೊರಾಂಟೊದಂಥ ಶ್ರೀಮಂತ ತಂಡ ಸಣ್ಣ ತಂಡಗಳನ್ನು ಹಿಂದಿಕ್ಕುವ ಜಾಗ ಇದೇ.

ಇನ್ನು ರೂಪದ ಮಾತು. 7.7 ಕೋಟಿಯಲ್ಲಿ ಸಂಬಳ ಎಂಬುದು ಬರೀ 61.1 ಲಕ್ಷ: ಮೊದಲ ವರ್ಷ 6.5 ಲಕ್ಷ, ಆಮೇಲೆ ವರ್ಷಕ್ಕೆ 9.1 ಲಕ್ಷ. ಉಳಿದ 7 ಕೋಟಿ 8.9 ಲಕ್ಷ ಪೂರಾ ಸೈನಿಂಗ್ ಬೋನಸ್. ಹೆಸರು ಬೋನಸ್ ಎಂದಿದ್ದರೂ ಗೋಲು ಹೊಡೆದರೆ ಸಿಗುವ ಬಹುಮಾನ ಇದಲ್ಲ. ಟವಾರೆಸ್‌ರಂಥ ಆಟಗಾರರಿಗೆ ಅಂಥ ಸಾಧನೆ ಬೋನಸ್ ಬರೆಯಲು ಅವಕಾಶವೇ ಇಲ್ಲ. ಹೊಸಬರು, 35 ದಾಟಿದವರು, ದೀರ್ಘ ಗಾಯದಿಂದ ಮರಳುವವರಿಗೆ ಮಾತ್ರ ಅದು. ಸೈನಿಂಗ್ ಬೋನಸ್ ಎಂದರೆ ಸಾಮಾನ್ಯವಾಗಿ ಜುಲೈ 1ಕ್ಕೆ ಇಡಿಯಾಗಿ ಸಂದಾಯವಾಗುವ ಹಣ.

ಇದರ ಬೆಲೆ ತಿಳಿಯುವುದು ತಂಡ ಕೈಬಿಡಲು ಹೊರಟಾಗ. 26 ವರ್ಷ ದಾಟಿದವನ ಒಪ್ಪಂದವನ್ನು ಬೈಔಟ್ ಮಾಡಿದರೆ, ಅಂದರೆ ಒಂದು ಮೊತ್ತ ಕೊಟ್ಟು ಅವಧಿಗೆ ಮುನ್ನವೇ ಮುಗಿಸಿದರೆ, ಉಳಿದ ಸಂಬಳದ ಮೂರನೇ ಎರಡು ಭಾಗ ಕೊಟ್ಟರೆ ಸಾಕು, ಅದನ್ನೂ ಉಳಿದ ಅವಧಿಯ ಎರಡರಷ್ಟು ವರ್ಷಗಳಿಗೆ ಹರಡಿ. ಆದರೆ ಬೋನಸ್‌ಗೆ ಈ ಕಡಿತ ಇಲ್ಲ. ಟವಾರೆಸ್ ಒಪ್ಪಂದದ ಕೊನೆಯ ವರ್ಷ ತೆಗೆದುಕೊಳ್ಳಿ. 70.4 ಲಕ್ಷ ಬೋನಸ್ ಕೊಡಲೇಬೇಕು, 9.1 ಲಕ್ಷ ಸಂಬಳದಲ್ಲಿ ತಂಡಕ್ಕೆ ಉಳಿಯುವುದು ಸುಮಾರು 3 ಲಕ್ಷ. ಅಷ್ಟಕ್ಕಾಗಿ ಯಾರೂ ಬೈಔಟ್ ಮಾಡುವುದಿಲ್ಲ. ಲಾಕ್‌ಔಟ್ ಆದರೂ, ಅಂದರೆ ಆಟಗಾರರ ಜೊತೆಗಿನ ಜಗಳದಲ್ಲಿ ಮಾಲೀಕರು ಲೀಗನ್ನೇ ನಿಲ್ಲಿಸಿದರೂ, ಕತೆ ಅದೇ: ಸಂಬಳ ನಿಲ್ಲುತ್ತದೆ, ಬೋನಸ್ ನಿಲ್ಲುವುದಿಲ್ಲ. 2004-05ರ ಇಡೀ ಸೀಸನ್ ರದ್ದಾದದ್ದನ್ನೂ 2012-13ರದ್ದು 48 ಪಂದ್ಯಕ್ಕೆ ಕುಗ್ಗಿದ್ದನ್ನೂ ಏಜೆಂಟರು ಮರೆತಿಲ್ಲ.

ಜೊತೆಗೆ ನೋ-ಮೂವ್ ಷರತ್ತು. ನೋ-ಟ್ರೇಡ್ ಇದ್ದರೆ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ದಾಟಿಸುವಂತಿಲ್ಲ, ಅಷ್ಟೇ. ನೋ-ಮೂವ್ ಇದ್ದರೆ ಅದರ ಜೊತೆಗೆ ವೇವರ್ ಪಟ್ಟಿಗೂ (ಬೇರೆ ತಂಡಗಳು ಆಟಗಾರನನ್ನು ಎತ್ತಿಕೊಳ್ಳಬಹುದಾದ ಪಟ್ಟಿ) ಹಾಕುವಂತಿಲ್ಲ, ಕೆಳಗಿನ ಲೀಗ್‌ಗೂ ಕಳಿಸುವಂತಿಲ್ಲ. ಆದರೆ ನೋ-ಮೂವ್ ಬೈಔಟನ್ನು ತಡೆಯುವುದಿಲ್ಲ. ಅದಕ್ಕೇ ಬೋನಸ್, ನೋ-ಮೂವ್ ಎರಡನ್ನೂ ಸೇರಿಸಿ ಕೇಳುವುದು. ಒಂದು ಬಿಟ್ಟ ಕಂಡಿಯನ್ನು ಇನ್ನೊಂದು ಮುಚ್ಚುತ್ತದೆ.

ತೆರಿಗೆಯೂ ಇದೆ. ಫ್ಲೋರಿಡಾ, ಟೆಕ್ಸಸ್, ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಮೇಲಿನ ದರ ಶೇ 53 ದಾಟುತ್ತದೆ. ಸೈನಿಂಗ್ ಬೋನಸ್‌ಗೆ ಕೆನಡಾ-ಅಮೆರಿಕ ತೆರಿಗೆ ಒಪ್ಪಂದದ ಶೇ 15ರ ದರ ಅನ್ವಯಿಸುತ್ತದೆ ಎಂಬುದು ಟವಾರೆಸ್ ಕಡೆಯವರ ಲೆಕ್ಕ. ಇದು ಹೆಸರಿಗಷ್ಟೇ ಬೋನಸ್, ವಾಸ್ತವದಲ್ಲಿ ಸಂಬಳವೇ ಎಂದು ಕೆನಡಾದ ಕಂದಾಯ ಸಂಸ್ಥೆ ತಕರಾರು ತೆಗೆದು, ವಿಷಯ ತೆರಿಗೆ ನ್ಯಾಯಾಲಯದ ಮೆಟ್ಟಿಲೇರಿತು. ಬೋನಸ್ ರೂಪದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಅಪಾಯವನ್ನೂ ಎಣಿಸಬೇಕು.

ತಂಡಕ್ಕೆ ಎಡವಟ್ಟಾಗುವುದು ಬೇರೆ ಕಡೆ. ಕ್ಯಾಪ್ ವರ್ಷವರ್ಷ ಏರುತ್ತದೆಂದು ನಂಬಿ ಟೊರಾಂಟೊ ಟವಾರೆಸ್, ಮ್ಯಾಥ್ಯೂಸ್, ಮಾರ್ನರ್, ನೈಲ್ಯಾಂಡರ್ ನಾಲ್ವರಿಗೇ ವರ್ಷಕ್ಕೆ ಸುಮಾರು 4 ಕೋಟಿ ಬರೆದುಕೊಟ್ಟಿತು. ಕೋವಿಡ್ ಬಂತು, ಕ್ಯಾಪ್ ಮೂರು ಸೀಸನ್ 8.15 ಕೋಟಿಯಲ್ಲೇ ನಿಂತಿತು. ಅರ್ಧ ಹಣ ನಾಲ್ವರಿಗೆ, ಉಳಿದರ್ಧದಲ್ಲಿ ಡಿಫೆನ್ಸ್, ಗೋಲ್‌ಕೀಪರ್, ಮಿಕ್ಕವರೆಲ್ಲ. ಆ ಏಳು ವರ್ಷಗಳಲ್ಲಿ ತಂಡ ಗೆದ್ದ ಪ್ಲೇಆಫ್ ಸರಣಿಗಳು ಎರಡೇ, 2023ರಲ್ಲೊಂದು, 2025ರಲ್ಲೊಂದು.

ಐಲ್ಯಾಂಡರ್ಸ್‌ನಂತೆ ಬರಿಗೈಯಾಗದಿರಲು ತಂಡಗಳು ಈಗ ಸೈನ್-ಅಂಡ್-ಟ್ರೇಡ್ ದಾರಿ ಹಿಡಿಯುತ್ತವೆ. 2025ರಲ್ಲಿ ಮಿಚ್ ಮಾರ್ನರ್ ಹೊರಡುವುದು ಖಚಿತವಾದಾಗ, ಅವರ ಹೊಸ 8 ವರ್ಷದ 9.6 ಕೋಟಿಯ ಒಪ್ಪಂದದೊಂದಿಗೇ ಟೊರಾಂಟೊ ಅವರನ್ನು ವೇಗಸ್‌ಗೆ ದಾಟಿಸಿ ನಿಕೊಲಾ ರುವಾ ಅವರನ್ನು ಪಡೆಯಿತು. ಮಾರ್ನರ್‌ಗೆ ಎಂಟನೇ ವರ್ಷ ಸಿಕ್ಕಿತು, ಟೊರಾಂಟೊಗೆ ಒಬ್ಬ ಆಟಗಾರ ಸಿಕ್ಕ. ಅದೇ ಬೇಸಿಗೆ ಟವಾರೆಸ್ ಟೊರಾಂಟೊದಲ್ಲೇ ಉಳಿಯಲು ಒಪ್ಪಿದ್ದು ವರ್ಷಕ್ಕೆ ಸುಮಾರು 43.8 ಲಕ್ಷಕ್ಕೆ.

ಹಣವನ್ನೇ ಹೆಚ್ಚಿಗೆ ಕೇಳದ ತಾರೆಯೂ ಉಂಟು. 2025ರ ಅಕ್ಟೋಬರ್‌ನಲ್ಲಿ ಕಾನರ್ ಮೆಕ್‌ಡೇವಿಡ್ ಎಡ್ಮಂಟನ್‌ನಲ್ಲಿ ಹಳೆಯ ದರಕ್ಕೇ, ವರ್ಷಕ್ಕೆ 1.25 ಕೋಟಿಗೆ, ಬರೀ ಎರಡು ವರ್ಷ ಮುಂದುವರಿಯಲು ಒಪ್ಪಿದರು. ಅದೇ ತಂಡದ ಡ್ರೈಸೈಟಲ್‌ಗೆ 1.4 ಕೋಟಿ. ಮೆಕ್‌ಡೇವಿಡ್ ಪಡೆದುಕೊಂಡದ್ದು ಸಣ್ಣ ಅವಧಿಯನ್ನು: ತಂಡ ಕಪ್ ಗೆಲ್ಲುವ ಹಾಗೆ ಕಾಣದಿದ್ದರೆ 2028ರ ಜುಲೈನಲ್ಲಿ ಅವರು ಮತ್ತೆ ಮುಕ್ತ. 2025-26ರಲ್ಲಿ 9.55 ಕೋಟಿಯಿದ್ದ ಕ್ಯಾಪ್ 2027-28ಕ್ಕೆ 11.35 ಕೋಟಿಗೆ ಏರಲಿದೆ. ಆದರೆ 2026ರ ಸೆಪ್ಟೆಂಬರ್ 16ರಿಂದ ಜಾರಿಗೆ ಬರುವ ಲೀಗ್-ಆಟಗಾರರ ಹೊಸ ಒಡಂಬಡಿಕೆಯಲ್ಲಿ ಸೈನಿಂಗ್ ಬೋನಸ್ ಒಟ್ಟು ಮೊತ್ತದ ಶೇ 60 ಮೀರುವಂತಿಲ್ಲ, ಅವಧಿಯೂ ಸ್ವಂತ ತಂಡದಲ್ಲಿ 7 ವರ್ಷ, ಹೊರಗೆ 6 ವರ್ಷ. ಟವಾರೆಸ್ ಒಪ್ಪಂದದಲ್ಲಿ ಶೇ 92ರಷ್ಟು ಬೋನಸ್ ಇತ್ತು. ಅಂಥದ್ದನ್ನು ಆಗ ಬರೆಯಲು ಬರುವುದಿಲ್ಲ.