ದೊಡ್ಡವರಿಲ್ಲದ ದ್ವೀಪದಲ್ಲಿ ಮಕ್ಕಳ ಆಡಳಿತ

ದೊಡ್ಡವರ ಕಣ್ಗಾವಲು ತಪ್ಪಿದರೆ ಮಕ್ಕಳು ತಮ್ಮಲ್ಲಿನ ಬಲಶಾಲಿಗೆ ಶರಣಾಗಿ ಕಚ್ಚಾಡಿಕೊಳ್ಳುತ್ತಾರೆ ಎಂಬ ಆತಂಕವನ್ನು ಪಾಲಕರೂ ವಸತಿಶಾಲೆಯ ಮೇಲ್ವಿಚಾರಕರೂ ಆಪ್ತಸಮಾಲೋಚನೆಯ ವೇಳೆ ನನ್ನ ಮುಂದೆ ಮತ್ತೆ ಮತ್ತೆ ತೋಡಿಕೊಳ್ಳುತ್ತಾರೆ. ಅವರಿಗೆ ನಾನು ಪೆಸಿಫಿಕ್ ಸಾಗರದ ಟೊಂಗಾ ದೇಶದ ಆರು ಹುಡುಗರ ನಿಜಸಂಗತಿಯನ್ನು ಹೇಳುತ್ತೇನೆ.

1965ರಲ್ಲಿ ಟೊಂಗಾದ ರಾಜಧಾನಿ ನುಕುಅಲೋಫಾದ ವಸತಿಶಾಲೆಯಿಂದ ತಪ್ಪಿಸಿಕೊಂಡು, ಬೇರೊಬ್ಬರ ದೋಣಿಯನ್ನು ಹೇಳದೆ ಕೇಳದೆ ಒಯ್ದ ಇವರು, ಬಿರುಗಾಳಿಗೆ ಹಾಯಿಯನ್ನೂ ಚುಕ್ಕಾಣಿಯನ್ನೂ ಕಳೆದುಕೊಂಡು ಎಂಟು ದಿನ ಅಲೆದು, ನಿರ್ಜನವಾದ ಅಟಾ ದ್ವೀಪವನ್ನು ಸೇರಿದರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ನಾವಿಕ ಈ ಹುಡುಗರನ್ನು ಕಾಣುವವರೆಗೆ, ಸುಮಾರು 15 ತಿಂಗಳು, ಅಲ್ಲಿಯೇ ಬದುಕಿದರು. ಮೊದಮೊದಲು ಕಡಲಹಕ್ಕಿಗಳ ರಕ್ತ ಕುಡಿದು ದಾಹ ತಣಿಸಿಕೊಂಡವರು, ಬಳಿಕ ಮರದ ಬೊಡ್ಡೆಗಳನ್ನು ತೋಡಿ ಮಳೆನೀರು ಹಿಡಿದಿಟ್ಟರು; ಹಿಂದೆ ಅಲ್ಲಿದ್ದ ಊರಿನವರು ಬಿಟ್ಟುಹೋದ ಬಾಳೆ, ಕೆಸು, ಕೋಳಿಗಳ ಸಂತತಿ ಹೊಟ್ಟೆಗಾಯಿತು.

ನನ್ನ ವೃತ್ತಿಯ ದೃಷ್ಟಿಯಿಂದ ಇದೆಲ್ಲಕ್ಕಿಂತ ಮುಖ್ಯವಾದದ್ದು ಅವರ ಕೆಲಸದ ಹಂಚಿಕೆ. ಇಬ್ಬಿಬ್ಬರು ಜೋಡಿಯಾಗಿ ತೋಟ, ಅಡುಗೆ, ಕಾವಲುಗಳನ್ನು ಸರದಿಯ ಮೇಲೆ ನಡೆಸಿದರು. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಆರಗೊಡಲಿಲ್ಲ. ಜಗಳವಾಡಿದವರು ದ್ವೀಪದ ಒಂದೊಂದು ತುದಿಗೆ ಹೋಗಿ, ಸಿಟ್ಟು ಇಳಿದ ಮೇಲೆ ಬಂದು ಪರಸ್ಪರ ಕ್ಷಮೆ ಕೇಳಬೇಕಿತ್ತು. ಒಬ್ಬನು ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಉಳಿದವರು ಕೋಲು, ಎಲೆಗಳಿಂದ ಕಟ್ಟುಹಾಕಿ ಅವನ ಪಾಲಿನ ದುಡಿಮೆಯನ್ನೂ ಹೊತ್ತರು.

ಇದನ್ನು ಮಕ್ಕಳ ಹುಟ್ಟುಗುಣದ ಒಳ್ಳೆಯತನಕ್ಕೆ ಸಾಕ್ಷಿಯೆಂದು ಸಾರಲು ನನಗೆ ಮನಸ್ಸಿಲ್ಲ. ಅವರು ಮೊದಲೇ ಗೆಳೆಯರು. ಬೆಳಗು ಸಂಜೆ ಒಟ್ಟಿಗೆ ಪ್ರಾರ್ಥಿಸುವ ರೂಢಿಯನ್ನು ಜೊತೆಯಲ್ಲೇ ತಂದಿದ್ದರು. 2023ರಲ್ಲಿ ಕೊಲಂಬಿಯಾದ ಕಾಡಿನಲ್ಲಿ ವಿಮಾನ ಬಿದ್ದು ತಾಯಿ ತೀರಿಕೊಂಡಾಗ, ಎಳೆಗೂಸೂ ಸೇರಿದಂತೆ ಮೂವರು ಒಡಹುಟ್ಟಿದವರನ್ನು 40 ದಿನ ಕಾಪಾಡಿದ 13 ವರ್ಷದ ಹುಡುಗಿಗೂ ಕಾಡಿನ ತಿಳಿವಳಿಕೆ ಮನೆಯವರಿಂದಲೇ ಬಂದಿತ್ತು.

ಇಂಥ ರೂಢಿ ಮೊದಲೇ ಬೆಳೆದಿರಬೇಕು. ಆದ್ದರಿಂದ, ಮಕ್ಕಳು ತಮ್ಮ ನಾಯಕನನ್ನು ಆರಿಸುವ ಮುನ್ನ ಕೆಲವು ವಾರ ಅನ್ನ ಬಡಿಸುವ, ನೀರು ತುಂಬುವ, ಚಿಕ್ಕವರನ್ನು ಮಲಗಿಸುವ ಸರದಿ ಎಲ್ಲರಿಗೂ ಬರಲಿ ಎಂದು ವಸತಿಶಾಲೆಗಳಿಗೆ ಸಲಹೆ ಕೊಡುತ್ತೇನೆ. ಕೊನೆಯ ಪಂಕ್ತಿಗೂ ಸಾರು ಉಳಿಯುವಂತೆ ಸೌಟು ಹಿಡಿಯುವವರು ಯಾರು, ಗೆಳೆಯನ ತಟ್ಟೆಗೆ ಮಾತ್ರ ತಳದಿಂದ ಬೇಳೆ ಎತ್ತಿ ಹಾಕುವವರು ಯಾರು ಎಂಬುದು ಮಕ್ಕಳಿಗೆ ಬಲುಬೇಗ ತಿಳಿಯುತ್ತದೆ; ಆಮೇಲೆ ಗುಟ್ಟಾಗಿ ಮತ ಹಾಕಲಿ. ಜಗಳವಾಡಿದವರನ್ನು ಕೂಡಲೇ ಎದುರುಬದುರು ನಿಲ್ಲಿಸಿ ವಿಚಾರಣೆ ನಡೆಸುವುದನ್ನು ಮಾತ್ರ ಬಿಡಬೇಕು. ಒಂದೆರಡು ಗಂಟೆ ದೂರವಿರಿಸಿ, ಬಳಿಕ ಮಾತಿಗೆ ಕೂರಿಸುವ ಹೊಣೆಯನ್ನು ಮಕ್ಕಳು ಆರಿಸಿದ ನಾಯಕನಿಗೇ ವಹಿಸಬಹುದು.